ಪಿಸ್ತೂಲಿನ ಮೂತಿಯ ಬಿಡಿಭಾಗ: ಅಮೆರಿಕದಲ್ಲಿ ಆಕ್ಸೆಸರಿ, ನಮ್ಮಲ್ಲಿ ಕೇಸು

'ಕಾಂಪನ್ಸೇಟರ್' ಅಂದರೆ ಏನು ಅಂತ ನಮ್ಮ ಊರಿನ ಹಿರಿಯರಲ್ಲಿ ಕೇಳಿದರೆ ತಲೆ ಆಡಿಸಿ ಗೊತ್ತಿಲ್ಲ ಅಂತಾರೆ. ಅದೇ ಪ್ರಶ್ನೆಯನ್ನು ಹೈಸ್ಕೂಲ್ ಹುಡುಗನಲ್ಲಿ ಕೇಳಿ ನೋಡಿ. ಕೋವಿಯ ಮೂತಿಗೆ ಸಿಕ್ಕಿಸುವ ಸಾಮಾನು, ಹಾಕಿದರೆ ಗುಂಡು ಹಾರಿಸುವಾಗ ಅಲ್ಲಾಡುವುದು ಕಡಿಮೆ ಅಂತ ಒಂದೇ ಉಸಿರಿಗೆ ಹೇಳುತ್ತಾನೆ. ಪಬ್‌ಜಿ ಕಲಿಸಿದ ಪಾಠ ಅದು. 2020ರ ಸೆಪ್ಟೆಂಬರ್‌ನಲ್ಲಿ ಆ ಆಟಕ್ಕೆ ನಿಷೇಧ ಬಿತ್ತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ವಾಪಸ್ ಬಂತು, 2022ರಲ್ಲಿ ಮತ್ತೆ ಮಾಯವಾಯಿತು, 2023ರಲ್ಲಿ ಮತ್ತೆ ಬಂತು. ಆಟ ಹೋಗಿ ಬಂದು ಮಾಡಿದರೂ ಅದರ ಶಬ್ದಗಳು ಮಾತ್ರ ಹುಡುಗರ ಬಾಯಲ್ಲಿ ಉಳಿದುಬಿಟ್ಟವು.

ಈಗ ಅದೇ ಶಬ್ದ ಇನ್ನೊಂದು ದಾರಿಯಿಂದ ಬರುತ್ತಿದೆ. ಅಮೆರಿಕದ ರೀಲ್ಸ್, ಯೂಟ್ಯೂಬ್ ವಿಡಿಯೋ. ಅಲ್ಲಿ ಒಬ್ಬ ಟೇಬಲ್ ಮೇಲೆ ನಾಲ್ಕು ಪಿಸ್ತೂಲು ಇಟ್ಟುಕೊಂಡು 'ಯಾವ ಕಾಂಪನ್ಸೇಟರ್ ತೆಗೊಳ್ಳಬೇಕು' ಅಂತ ವಿವರಿಸುತ್ತಾನೆ, ನಮ್ಮಲ್ಲಿ ಮೊಬೈಲ್ ಕವರಿನ ರಿವ್ಯೂ ಮಾಡುವ ಹಾಗೆಯೇ. ನೋಡುವ ಹುಡುಗನಿಗೂ ಅದು ಕವರಿನಷ್ಟೇ ಸಾಧಾರಣ ವಸ್ತುವಾಗಿ ಕಾಣುತ್ತದೆ. ನಾನು ಸಣ್ಣ ವ್ಯಾಪಾರಿ, ಬಿಕಾಂ ಓದಿದವ, ಕೋವಿ ತಜ್ಞ ಅಲ್ಲ. ಆದರೆ ಇದು ಕೋವಿಯ ವಿಷಯಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ ವಿಷಯ, ಕಾನೂನಿನ ವಿಷಯ. ಎರಡನ್ನೂ ಸರಿಯಾಗಿ ಬಿಡಿಸಿ ನೋಡದೆ ಹೋದರೆ ಪೆಟ್ಟು ಬೀಳುವುದು ನಮ್ಮ ಮಕ್ಕಳಿಗೆ.

ಇದು ಕೆಲಸ ಮಾಡುವುದು ಹೇಗೆ?

ಪಿಸ್ತೂಲಿನ ಕುದುರೆ ಎಳೆದಾಗ ತೋಟೆಯೊಳಗಿನ ಮದ್ದು ಉರಿದು ಗ್ಯಾಸ್ ಆಗುತ್ತದೆ. ಆ ಗ್ಯಾಸ್ ಗುಂಡನ್ನು ಮುಂದಕ್ಕೆ ದೂಡುತ್ತದೆ, ಪಿಸ್ತೂಲನ್ನು ಹಿಂದಕ್ಕೆ ಒದೆಯುತ್ತದೆ. ನಳಿಗೆ ನಮ್ಮ ಹಿಡಿತಕ್ಕಿಂತ ಮೇಲೆ ಇರುವ ಕಾರಣ ಒದೆ ನೇರ ಹಿಂದಕ್ಕೆ ಬರುವುದಿಲ್ಲ, ಮೂತಿ ಮೇಲಕ್ಕೆ ಏಳುತ್ತದೆ. ಎರಡನೇ ಗುಂಡು ಹಾರಿಸಬೇಕಾದರೆ ಮೂತಿಯನ್ನು ಮತ್ತೆ ಗುರಿಗೆ ಇಳಿಸಬೇಕು. ಸ್ಪರ್ಧೆಯಲ್ಲಿ ಗೆಲುವು-ಸೋಲು ತೀರ್ಮಾನ ಆಗುವುದು ಈ ಸೆಕೆಂಡಿನ ಭಾಗದಲ್ಲಿ.

ಕಾಂಪನ್ಸೇಟರ್ ಅಂದರೆ ನಳಿಗೆಯ ತುದಿಗೆ ಸೇರಿಸುವ, ಮೇಲ್ಬದಿಯಲ್ಲಿ ತೂತುಗಳಿರುವ ಒಂದು ಲೋಹದ ತುಂಡು. ಗುಂಡು ಅದರೊಳಗಿಂದ ದಾಟುವಾಗ ಹಿಂದಿನಿಂದ ಬರುವ ಗ್ಯಾಸ್ ಆ ತೂತಿನಿಂದ ಮೇಲಕ್ಕೆ ಚಿಮ್ಮುತ್ತದೆ. ಗ್ಯಾಸ್ ಮೇಲಕ್ಕೆ ಹೋದರೆ ಮೂತಿ ಕೆಳಕ್ಕೆ ಒತ್ತಲ್ಪಡುತ್ತದೆ. ಪಿಯುಸಿ ವಿಜ್ಞಾನದ ನ್ಯೂಟನ್ ನಿಯಮ, ಅಷ್ಟೇ. ಜೊತೆಗೆ ಆ ತುಂಡಿನ ಭಾರವೂ ಮೂತಿಯನ್ನು ಸ್ವಲ್ಪ ಹಿಡಿದಿಡುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇದು ನಡೆಯುವುದು ಗ್ಯಾಸಿನ ಬಲದಿಂದ. ಗ್ಯಾಸ್ ಎಷ್ಟು ಜಾಸ್ತಿಯೋ, ಅದರ ಒತ್ತಡ ಎಷ್ಟು ಜಾಸ್ತಿಯೋ ಅಷ್ಟು ಪರಿಣಾಮ. ಒತ್ತಡ ಕಡಿಮೆ ಇರುವ ತೋಟೆ ಹಾಕಿದರೆ ದುಬಾರಿ ತುಂಡೂ ಬರೀ ಭಾರ. ರೀಲ್ಸ್‌ನಲ್ಲಿ ಈ ಮಾತು ಬರುವುದು ಅಪರೂಪ.

ಅಮೆರಿಕದ ಗಿರಾಕಿ ಏನೆಲ್ಲ ನೋಡಬೇಕು?

ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಿಸ್ತೂಲು ಇಟ್ಟುಕೊಂಡವ ಇದನ್ನು ಆರಿಸುವಾಗ ನೋಡಬೇಕಾದ ವಿಷಯಗಳನ್ನು ಒಂದೊಂದಾಗಿ ಹೇಳುತ್ತೇನೆ. ಹೇಳುವುದಕ್ಕೆ ಕಾರಣ ಇದೆ: 'ಹಾಕಿದರೆ ಸಾಕು, ಶೂಟರ್ ಆಗ್ತಿ' ಅನ್ನುವ ಜಾಹೀರಾತಿನ ಮಾತು ಎಷ್ಟು ಪೊಳ್ಳು ಅಂತ ಇದರಿಂದ ಗೊತ್ತಾಗುತ್ತದೆ.

ಮೊದಲನೆಯದು ಕೂರುವಿಕೆ. ಹೆಚ್ಚಿನ ಪಿಸ್ತೂಲುಗಳ ನಳಿಗೆಯ ತುದಿಯಲ್ಲಿ ಮರೆ ಇರುವುದಿಲ್ಲ. ಮರೆ ಅಂದರೆ ಬೋಲ್ಟಿನಲ್ಲಿ ಇರುವ ತಿರುಪು ಗೆರೆ, ಥ್ರೆಡ್. ಹಾಗಾಗಿ ಥ್ರೆಡ್ ಇರುವ ಹೊಸ ನಳಿಗೆಯನ್ನೇ ತೆಗೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ 9 ಎಂಎಂಗೆ ಅರ್ಧ ಇಂಚು, ಇಂಚಿಗೆ 28 ಸುತ್ತಿನ ಥ್ರೆಡ್ ರೂಢಿ. ಕೆಲವು ಯುರೋಪಿನ ಪಿಸ್ತೂಲುಗಳಲ್ಲಿ 13.5 ಮಿಲಿಮೀಟರಿನ ಎಡ ತಿರುಪು. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಕೂತರೂ ಕೂದಲೆಳೆಯಷ್ಟು ವಾರೆ ಇದ್ದರೆ ಹೊರಡುವ ಗುಂಡು ಒಳಗಿನ ಅಂಚಿಗೆ ತಾಗುತ್ತದೆ. ಅಲ್ಲಿಗೆ ಗುರಿಯೂ ಹೋಯಿತು, ಸಾಮಾನೂ ಹೋಯಿತು, ಪಕ್ಕದಲ್ಲಿ ನಿಂತವರಿಗೂ ಅಪಾಯ.

ಎರಡನೆಯದು, ಪಿಸ್ತೂಲು ಸರಿಯಾಗಿ ಓಡುತ್ತದಾ? ಈಗಿನ ಹೆಚ್ಚಿನ 9 ಎಂಎಂ ಪಿಸ್ತೂಲುಗಳಲ್ಲಿ ಪ್ರತಿ ಗುಂಡಿಗೂ ನಳಿಗೆ ತುಸು ಹಿಂದೆ ಸರಿದು ಬಾಗುತ್ತದೆ. ಆಗಲೇ ಖಾಲಿ ತೋಟೆ ಹೊರಗೆ ಬಿದ್ದು ಹೊಸದು ಒಳಗೆ ಬರುವುದು. ಮೂತಿಗೆ ಭಾರ ಕಟ್ಟಿದರೆ ಈ ಚಲನೆ ನಿಧಾನ ಆಗುತ್ತದೆ. ಗ್ಯಾಸನ್ನು ಮೇಲೆ ಬಿಟ್ಟದ್ದರಿಂದ ಹಿಂದೆ ದೂಡುವ ಬಲವೂ ಕಡಿಮೆ. ಮಂದ ತೋಟೆ ಹಾಕಿದರೆ ಖಾಲಿ ತೋಟೆ ಪೂರ್ತಿ ಹೊರಗೆ ಬೀಳದೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಸ್ಪ್ರಿಂಗ್ ಬದಲಿಸು ಅಂತಾರೆ. ಸ್ಪ್ರಿಂಗ್ ಬದಲಿಸಿದ ಮೇಲೆ ಮತ್ತೆ ನೂರಾರು ತೋಟೆ ಹಾರಿಸಿ ಪರೀಕ್ಷೆ ಮಾಡಬೇಕು. ಒಂದು ತುಂಡು ಬದಲಿಸಲು ಹೋದವ ಮೂರು ಬದಲಿಸಿದ ಹಾಗಾಯಿತು.

ಮೂರನೆಯದು ಉದ್ದೇಶ. ಸ್ಪರ್ಧೆಗಾದರೆ ಯಾವ ವಿಭಾಗ ಅಂತ ನೋಡಬೇಕು. ಅಮೆರಿಕದ ಯುಎಸ್‌ಪಿಎಸ್‌ಎ ಸ್ಪರ್ಧೆಗಳಲ್ಲಿ 'ಓಪನ್' ವಿಭಾಗಕ್ಕೆ ಕಾಂಪನ್ಸೇಟರ್ ಇಟ್ಟುಕೊಂಡೇ ಬರುತ್ತಾರೆ. ಅದು ರೇಸ್ ಕಾರಿನ ಹಾಗೆ, ಎಲ್ಲ ಮಾರ್ಪಾಟಿಗೂ ಬಾಗಿಲು ತೆರೆದ ವಿಭಾಗ. 'ಪ್ರೊಡಕ್ಷನ್' ವಿಭಾಗದಲ್ಲಿ ಅದನ್ನು ಹಾಕಿಕೊಂಡು ಹೋದರೆ ನಡೆಯುವುದಿಲ್ಲ. ಓಪನ್‌ನಲ್ಲಿ ಹೆಚ್ಚಿನ ಅಂಕದ ದರ್ಜೆಗೆ ಗುಂಡಿನ ತೂಕ ಮತ್ತು ವೇಗ ಗುಣಿಸಿ ಸಾವಿರದಿಂದ ಭಾಗಿಸಿದಾಗ ಬರುವ ಸಂಖ್ಯೆ 165 ಮುಟ್ಟಬೇಕು. ಅಷ್ಟು ಬಿಸಿ ತೋಟೆಯಲ್ಲಿ ಗ್ಯಾಸ್ ಧಾರಾಳ, ಹಾಗಾಗಿ ಅಲ್ಲಿ ಕಾಂಪನ್ಸೇಟರಿನ ಲಾಭ ನಿಜವಾಗಿ ಸಿಗುತ್ತದೆ. ಆ ಲಾಭವನ್ನು ತೋರಿಸಿ ಮನೆಯಲ್ಲಿ ಸಾಧಾರಣ ತೋಟೆ ಬಳಸುವವನಿಗೆ ಅದೇ ಸಾಮಾನು ಮಾರುವುದು ವ್ಯಾಪಾರದ ಚಾಲಾಕಿ.

ನಾಲ್ಕನೆಯದು ತೊಂದರೆಗಳು. ಗ್ಯಾಸ್ ಮೇಲಕ್ಕೆ, ಬದಿಗೆ ಹೋಗುವುದರಿಂದ ಸದ್ದು ಜೋರು. ಪಕ್ಕದವನ ಕಿವಿಗೂ ಮುಖಕ್ಕೂ ಹೊಡೆತ. ಕತ್ತಲಲ್ಲಿ ಬೆಂಕಿಯ ಮಿಂಚು ಕಣ್ಣಿನ ನೇರಕ್ಕೆ ಏಳಬಹುದು. ಮಸಿ ಹೋಗಿ ಮುಂದಿನ ಗುರಿಯ ಮೇಲೆ, ರೆಡ್ ಡಾಟ್ ಇದ್ದರೆ ಅದರ ಗಾಜಿನ ಮೇಲೆ ಕೂರುತ್ತದೆ. ಉದ್ದ ಹೆಚ್ಚಾಗಿ ಹಳೆ ಚೀಲಕ್ಕೆ ಪಿಸ್ತೂಲು ಹೋಗುವುದಿಲ್ಲ. ಬಿಸಿಗೆ ತಿರುಪು ಸಡಿಲಾಗಬಹುದು.

ಐದನೆಯದು ಹಣ. ತುಂಡಿಗೆ ನೂರು ಡಾಲರ್ ಆಸುಪಾಸು, ಥ್ರೆಡ್ ಇರುವ ನಳಿಗೆಗೆ ಅದಕ್ಕಿಂತ ಹೆಚ್ಚು, ಸ್ಪ್ರಿಂಗ್, ಹೊಸ ಚೀಲ. ಎಲ್ಲ ಕೂಡಿಸಿದರೆ ಸಾವಿರದಷ್ಟು ಅಭ್ಯಾಸದ ತೋಟೆಗೆ ಆಗುವ ಹಣ. ಹಿಡಿತ ಸರಿಯಿಲ್ಲದವನಿಗೆ ಸಾವಿರ ತೋಟೆಯ ಅಭ್ಯಾಸ ಕೊಡುವಷ್ಟನ್ನು ಈ ತುಂಡು ಕೊಡುವುದಿಲ್ಲ. ಕ್ರಿಕೆಟ್ ಆಡುವವರಿಗೆ ಇದು ಬೇಗ ಅರ್ಥ ಆದೀತು. ನೆಟ್ಸ್‌ಗೆ ಹೋಗದವನ ಕೈಗೆ ಇಂಗ್ಲಿಷ್ ವಿಲ್ಲೋ ಬ್ಯಾಟು ಕೊಟ್ಟರೇನು?

ಲಾಭ ಇರುವುದು ಬಿಡಿಭಾಗದಲ್ಲಿ

ಹಾಗಾದರೆ ಇದು ಇಷ್ಟು ಓಡುವುದು ಯಾಕೆ? ಮೊಬೈಲ್ ಅಂಗಡಿ ಇಟ್ಟವರಲ್ಲಿ ಕೇಳಿ. ಫೋನು ಮಾರಿದರೆ ಕೈಯಲ್ಲಿ ಉಳಿಯುವುದು ಚಿಲ್ಲರೆ. ಕವರು, ಗ್ಲಾಸು, ಚಾರ್ಜರು ಮಾರಿದರೆ ಬಾಡಿಗೆ ಹುಟ್ಟುತ್ತದೆ. ಫೋನು ಮೂರು ವರ್ಷಕ್ಕೊಮ್ಮೆ, ಕವರು ಮೂರು ತಿಂಗಳಿಗೊಮ್ಮೆ. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ಪೂರಕ ಸರಕು ಅಂತ ಹೆಸರು.

ಅಮೆರಿಕದ ಬಂದೂಕು ಮಾರುಕಟ್ಟೆಯ ಲೆಕ್ಕವೂ ಇದೇ ದಾರಿಯದ್ದು. ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಲ್ಲಿನ ಜನಸಾಮಾನ್ಯರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ. 100 ಜನರಿಗೆ 120. ತಲೆಗೊಂದಕ್ಕಿಂತ ಹೆಚ್ಚು ಮಾರಿ ಆದ ಮೇಲೆ ಹೊಸದನ್ನು ಯಾರಿಗೆ ಮಾರುವುದು? ಕೊರೋನಾ ವರ್ಷವಾದ 2020ರಲ್ಲಿ ಬಂದೂಕು ಖರೀದಿಗೆ ಸಂಬಂಧಿಸಿದ ಹಿನ್ನೆಲೆ ತಪಾಸಣೆಗಳು ಉದ್ಯಮದ ಲೆಕ್ಕದಲ್ಲೇ 2 ಕೋಟಿ ದಾಟಿದ್ದವು. 2024ರ ಹೊತ್ತಿಗೆ ಅದು ಸುಮಾರು ಒಂದೂವರೆ ಕೋಟಿಗೆ ಇಳಿಯಿತು. ಹೊಸ ಗಿರಾಕಿ ಕಡಿಮೆ ಆದಾಗ ಹಳೆ ಗಿರಾಕಿಗೇ ಮತ್ತೆ ಮತ್ತೆ ಮಾರಬೇಕು. ಅದಕ್ಕೆ ಸುಲಭದ ಸರಕು ಬಿಡಿಭಾಗ.

ಇನ್ನೂ ಎರಡು ಬದಲಾವಣೆ ಸೇರಿಕೊಂಡವು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಬ್ರೂಯೆನ್' ತೀರ್ಪಿನಲ್ಲಿ ಆತ್ಮರಕ್ಷಣೆಗೆ ಪಿಸ್ತೂಲನ್ನು ಹೊರಗೆ ಒಯ್ಯುವುದು ಸಂವಿಧಾನದ ಹಕ್ಕು ಎಂದಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಅದಕ್ಕೆ ಪ್ರತ್ಯೇಕ ಪರವಾನಿಗೆಯೇ ಬೇಡ ಎಂಬ ಸ್ಥಿತಿ ಬಂತು. ಜೇಬಿನಲ್ಲಿ ಇಡಲು ಸಣ್ಣ ಪಿಸ್ತೂಲು ಬೇಕು, ಸಣ್ಣದು ಒದೆಯುವುದು ಜಾಸ್ತಿ, ಒದೆ ತಗ್ಗಿಸಲು ಇನ್ನೊಂದು ಸಾಮಾನು ಬೇಕು. ಸಮಸ್ಯೆಯನ್ನೂ ಮಾರಿ ಪರಿಹಾರವನ್ನೂ ಮಾರುವ ವ್ಯಾಪಾರ. ಈಗ ದೊಡ್ಡ ಕಂಪೆನಿಗಳು ಪಾಲು ಬಿಡಲು ತಯಾರಿಲ್ಲ. ಸಿಗ್ ಸೌರ್ ಕಂಪೆನಿ 2022ರಲ್ಲಿ ತಂದ ಪಿ365 ಎಕ್ಸ್‌ಮ್ಯಾಕ್ರೋ ಪಿಸ್ತೂಲಿನಲ್ಲಿ ಗ್ಯಾಸ್ ಬಿಡುವ ತೂತನ್ನು ಕಾರ್ಖಾನೆಯಲ್ಲೇ ಸ್ಲೈಡಿಗೆ ಸೇರಿಸಿತು. ಗ್ಲಾಕ್ ಕಂಪೆನಿ ನಳಿಗೆಯಲ್ಲೇ ತೂತು ಕೊರೆದ 'ಸಿ' ಮಾದರಿಗಳನ್ನು 1990ರ ದಶಕದಲ್ಲೇ ಮಾಡಿತ್ತು. ಹಳೆ ಐಡಿಯಾ, ಹೊಸ ಪ್ಯಾಕಿಂಗ್.

ಬಿಡಿಭಾಗಕ್ಕೂ ಕಾನೂನಿಗೂ ಅಲ್ಲಿ ನಡೆಯುವ ಜಗಳ

ಅಮೆರಿಕದ 1968ರ ಕಾಯ್ದೆ ಪ್ರಕಾರ ಬಂದೂಕಿನ ಮುಖ್ಯ ಚೌಕಟ್ಟು ಮಾತ್ರ 'ಬಂದೂಕು'. ಅದಕ್ಕೆ ಸೀರಿಯಲ್ ನಂಬರು, ಅದನ್ನು ಡೀಲರ್‌ನಿಂದ ಕೊಳ್ಳುವಾಗ ಹಿನ್ನೆಲೆ ತಪಾಸಣೆ. ನಳಿಗೆ, ಸ್ಪ್ರಿಂಗ್, ಕಾಂಪನ್ಸೇಟರ್ ಇವೆಲ್ಲ ಕೇಂದ್ರ ಕಾನೂನಿನ ಕಣ್ಣಿಗೆ ಸಾಮಾನ್ಯ ಸರಕು. ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಪೋಸ್ಟಿನಲ್ಲಿ ಮನೆಗೆ ಬರುತ್ತದೆ. ನಮ್ಮ ಹುಡುಗರು ವಿಡಿಯೋದಲ್ಲಿ ನೋಡುವುದು ಇದನ್ನು.

ಆದರೆ ಅಲ್ಲೂ ಎಲ್ಲ ಬಿಡಿಭಾಗ ಒಂದೇ ಅಲ್ಲ. ಸದ್ದು ತಗ್ಗಿಸುವ ಸೈಲೆನ್ಸರಿಗೆ 1934ರ ಕಾಯ್ದೆಯಿಂದ 200 ಡಾಲರ್ ತೆರಿಗೆ ಮತ್ತು ನೋಂದಣಿ ಇತ್ತು. ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ದೊಡ್ಡ ಮಸೂದೆಯಲ್ಲಿ ಆ ತೆರಿಗೆ 2026ರ ಜನವರಿಯಿಂದ ಸೊನ್ನೆ ಆಯಿತು, ನೋಂದಣಿ ಮಾತ್ರ ಉಳಿಯಿತು. ಇನ್ನು 'ಸ್ವಿಚ್' ಎಂಬ ಪುಟ್ಟ ತುಂಡು. ಅದು ಪಿಸ್ತೂಲನ್ನು ಮೆಷಿನ್ ಗನ್ ಮಾಡಿಬಿಡುತ್ತದೆ, ಹಾಗಾಗಿ ಕೇಂದ್ರ ಕಾನೂನಿನಲ್ಲೇ ಅಪರಾಧ. 2024ರ ಸೆಪ್ಟೆಂಬರ್‌ನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಾಲ್ವರು ಸತ್ತ ಗುಂಡಿನ ದಾಳಿಯಲ್ಲಿ ಇಂಥದ್ದೇ ಸಾಧನ ಬಳಕೆಯಾಗಿದೆ ಎಂದು ಪೊಲೀಸರು ಶಂಕಿಸಿದರು. ಅದೇ ವರ್ಷ ಶಿಕಾಗೋ ನಗರಾಡಳಿತ ಗ್ಲಾಕ್ ಮೇಲೆ ಮೊಕದ್ದಮೆ ಹಾಕಿತು. ಕ್ಯಾಲಿಫೋರ್ನಿಯಾ 2025ರ ಅಕ್ಟೋಬರ್‌ನಲ್ಲಿ, ಸುಲಭವಾಗಿ ಹಾಗೆ ಬದಲಿಸಬಹುದಾದ ಪಿಸ್ತೂಲುಗಳ ಮಾರಾಟ ನಿಲ್ಲಿಸುವ ಕಾನೂನು ಮಾಡಿತು. 2026ರ ಜುಲೈ 1 ಅದರ ಜಾರಿಯ ದಿನ. 2025ರ ಅದೇ ಅಕ್ಟೋಬರ್‌ನಲ್ಲಿ ಗ್ಲಾಕ್ ತನ್ನ ಹಲವು ಮಾದರಿಗಳನ್ನು ನಿಲ್ಲಿಸಿ 'ವಿ' ಸರಣಿ ತರುವುದಾಗಿ ಪ್ರಕಟಿಸಿತು.

ಕಾಂಪನ್ಸೇಟರಿಗೂ ಕ್ಯಾಲಿಫೋರ್ನಿಯಾದಲ್ಲಿ ಸುತ್ತು ದಾರಿ. ತೆಗೆದು ಹಾಕುವ ಮ್ಯಾಗಜಿನ್ ಇರುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ನಳಿಗೆಗೆ ಥ್ರೆಡ್ ಇದ್ದರೆ ಅಲ್ಲಿ ಅದು 'ಅಸಾಲ್ಟ್ ವೆಪನ್'. ತುಂಡು ಅಪರಾಧ ಅಲ್ಲ, ತುಂಡು ಕೂರಿಸುವ ತಿರುಪು ಅಪರಾಧ! ಪಕ್ಕದ ನೆವಾಡದಲ್ಲಿ ಅದೇ ಸಾಮಾನಿಗೆ ಯಾರೂ ಕೇಳುವವರಿಲ್ಲ. ಮಂಜೇಶ್ವರದಿಂದ ತಲಪಾಡಿ ದಾಟಿದರೆ ಕಾನೂನು ಬದಲಾಗುವುದು ನಮಗೆ ಹೊಸತಲ್ಲವಲ್ಲ, ಅಂಥದ್ದೇ ಕಥೆ.

ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2017ರಲ್ಲಿ ಲಾಸ್ ವೇಗಸ್ ಸಂಗೀತ ಕಾರ್ಯಕ್ರಮದ ಮೇಲೆ ನಡೆದ ದಾಳಿಯಲ್ಲಿ 'ಬಂಪ್ ಸ್ಟಾಕ್' ಎಂಬ ಬಿಡಿಭಾಗ ಬಳಕೆಯಾಗಿತ್ತು. ಟ್ರಂಪ್ ಸರಕಾರವೇ ಅದನ್ನು ನಿಷೇಧಿಸಿತು. 2024ರ ಜೂನ್ 14ರಂದು ಕೋರ್ಟು 6-3ರಲ್ಲಿ ಆ ನಿಷೇಧ ರದ್ದು ಮಾಡಿತು: ಅದು ಮೆಷಿನ್ ಗನ್ ವ್ಯಾಖ್ಯೆಗೆ ಬರುವುದಿಲ್ಲ ಅಂತ. 2025ರ ಮಾರ್ಚ್‌ನಲ್ಲಿ ಮನೆಯಲ್ಲೇ ಜೋಡಿಸುವ ಬಂದೂಕು ಕಿಟ್‌ಗಳ ವಿಷಯದಲ್ಲಿ ಮಾತ್ರ 7-2ರಲ್ಲಿ ಸರಕಾರದ ನಿಯಂತ್ರಣವನ್ನು ಎತ್ತಿಹಿಡಿಯಿತು. ಅದೇ ವರ್ಷ ಜೂನ್‌ನಲ್ಲಿ, ತನ್ನ ನೆಲದ ಹಿಂಸೆಗೆ ಅಮೆರಿಕದ ಬಂದೂಕು ಕಂಪೆನಿಗಳು ಹೊಣೆ ಎಂದು ಮೆಕ್ಸಿಕೋ ದೇಶ ಹಾಕಿದ್ದ ದಾವೆಯನ್ನು ಒಮ್ಮತದಿಂದ ತಳ್ಳಿಹಾಕಿತು. 2005ರ ಕಾನೂನು ಆ ಕಂಪೆನಿಗಳಿಗೆ ಕೊಟ್ಟ ರಕ್ಷಣೆ ಅಲ್ಲಿ ಗೆದ್ದಿತು. ನನಗೆ ಕಂಡದ್ದು ಇಷ್ಟು. ಅಲ್ಲಿನ ಕೋರ್ಟಿನಲ್ಲಿ ವಸ್ತು ಎಷ್ಟು ಅಪಾಯ ಎಂಬುದಕ್ಕಿಂತ, ವ್ಯಾಖ್ಯೆಯ ಯಾವ ಶಬ್ದದೊಳಗೆ ಬೀಳುತ್ತದೆ ಎಂಬುದೇ ಮುಖ್ಯ. ಉದ್ಯಮ ಆ ಶಬ್ದಗಳ ಸಂದಿಯಲ್ಲಿ ಸರಕು ತಯಾರಿಸುತ್ತದೆ.

ಒದೆ ತಗ್ಗಿತು, ಭಯ ತಗ್ಗಿತಾ?

ಪ್ಯೂ ಸಂಸ್ಥೆ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಬಂದೂಕು ಇರುವ ಅಮೆರಿಕನ್ನರಲ್ಲಿ ಶೇ.72 ಮಂದಿ, ರಕ್ಷಣೆ ಒಂದು ಮುಖ್ಯ ಕಾರಣ ಎಂದರು. ಅದೇ 2023ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು ಸುಮಾರು 46,700 ಮಂದಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 27 ಸಾವಿರದಷ್ಟು, ಆತ್ಮಹತ್ಯೆ. ಕಳ್ಳನಿಗೆ ಅಂತ ತಂದಿಟ್ಟ ವಸ್ತು ಹೆಚ್ಚಿನ ಸಲ ತಿರುಗಿದ್ದು ಮನೆಯವರ ಕಡೆಗೇ. ಇದಕ್ಕೆ ಯಾವ ಕಾಂಪನ್ಸೇಟರೂ ಇಲ್ಲ.

ಹಾಗೆಂದು ಅಲ್ಲಿ ಕ್ಲಬ್‌ಗೆ ಹೋಗಿ, ನಿಯಮ ಪಾಲಿಸಿ ಗುರಿ ಅಭ್ಯಾಸ ಮಾಡುವ ಲಕ್ಷಾಂತರ ಜನರನ್ನು ಕೆಟ್ಟವರು ಅನ್ನುವುದು ನ್ಯಾಯ ಅಲ್ಲ. ಅವರಿಗೆ ಅದು ಕ್ರೀಡೆ, ಅವರ ನೆಲದ ಕಾನೂನು ಅವರಿಗೆ. ನನ್ನ ಮಾತು ಇರುವುದು ಆ ನೆಲದ ಸಲೀಸುತನವನ್ನು ನಮ್ಮ ಮೊಬೈಲಿನ ಮೂಲಕ ನಮ್ಮ ನೆಲದ್ದು ಅಂತ ತಿಳಿಯುವ ಬಗ್ಗೆ.

ನಮ್ಮ ಕಾನೂನಿನಲ್ಲಿ ಬಿಡಿಭಾಗವೂ ಆಯುಧ

ನಮ್ಮ ಕಡೆ ಕೋವಿ ಅಪರಿಚಿತ ಅಲ್ಲ. ತೋಟಕ್ಕೆ ಹಂದಿ, ಮಂಗ ಬರುವ ಕಡೆ ಕೃಷಿಕರು ಪರವಾನಿಗೆ ಮಾಡಿಸಿ ಒಂಟಿ ನಳಿಗೆಯದ್ದೋ ಜೋಡಿ ನಳಿಗೆಯದ್ದೋ ಇಟ್ಟಿರುತ್ತಾರೆ. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಯ್ದು ಠೇವಣಿ ಇಡುವ ಉಪದ್ರ ಯಾವ ಕೃಷಿಕನಿಗೂ ಗೊತ್ತು. ಪರವಾನಿಗೆ ಇದ್ದವನಿಗೇ ಇಷ್ಟು ಬಿಗಿ ಆದರೆ ಇಲ್ಲದವನ ಪಾಡೇನು?

1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಕಲಮನ್ನು ಓದಿ. 'ಆಯುಧ' ಎಂಬುದರ ವ್ಯಾಖ್ಯೆಯೊಳಗೇ ಆಯುಧದ ಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳು ಸೇರಿವೆ. ಬಂದೂಕಿನ ವ್ಯಾಖ್ಯೆಯಲ್ಲಿ ಸದ್ದು ಅಥವಾ ಬೆಂಕಿಯ ಮಿಂಚನ್ನು ತಗ್ಗಿಸುವ ಸಲಕರಣೆಯೂ ಸೇರಿದೆ. ಕಾಂಪನ್ಸೇಟರ್ ಎಂಬ ಹೆಸರು ಅಲ್ಲಿಲ್ಲ, ನಿಜ. ಆದರೆ 'ಭಾಗ' ಎಂಬ ಶಬ್ದ ಸಾಕಷ್ಟು ಅಗಲ ಇದೆ. ಜೊತೆಗೆ ತರಿಸುವ ನಳಿಗೆಯಂತೂ ಯಾವ ವಾದಕ್ಕೂ ಜಾಗ ಇಲ್ಲದ ಭಾಗ. ಮೂತಿಯ ತುಂಡು ಆಯುಧದ ಭಾಗ ಅಲ್ಲ ಅಂತ ವಾದಿಸಬಹುದು, ಆದರೆ ಆ ವಾದ ನಡೆಯುವುದು ಕಸ್ಟಮ್ಸ್ ಕೌಂಟರಿನಲ್ಲಿ ಅಲ್ಲ. ಕೋರ್ಟಿನಲ್ಲಿ, ವಕೀಲರ ಫೀಸು ಕೊಟ್ಟ ಮೇಲೆ, ವರ್ಷಗಳ ನಂತರ.

ಆಯುಧ ಆಮದಿಗೆ ಕಾಯ್ದೆಯ ಹತ್ತನೇ ಕಲಂ ಪ್ರಕಾರ ಪರವಾನಿಗೆ ಬೇಕು. 2019ರ ತಿದ್ದುಪಡಿ ಬಂದ ಮೇಲೆ, ಆಮದು ನಿಷೇಧಿಸಿದ ಆಯುಧವನ್ನು ದೇಶದೊಳಗೆ ತರುವುದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಅದೇ ತಿದ್ದುಪಡಿಯಲ್ಲಿ ಒಬ್ಬ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಮೆರಿಕದ ವಿಡಿಯೋಗಳಲ್ಲಿ ಕಾಣುವ 9 ಎಂಎಂ ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ಜನರಿಗೆ ನಿಷೇಧಿತ ಬೋರ್. ಪರವಾನಿಗೆ ಇದ್ದವರಿಗೆ ಸಾಮಾನ್ಯವಾಗಿ ಸಿಗುವುದು .32 ಪಿಸ್ತೂಲು ಅಥವಾ ರಿವಾಲ್ವರ್. ಅಂದರೆ ಆ ವಿಡಿಯೋದ ಸರಕು ಇಲ್ಲಿ ಯಾವ ಕೆಲಸಕ್ಕೂ ಬಾರದು, ಕೇಸಿಗೆ ಮಾತ್ರ ಬಂದೀತು.

'ನಾನು ಶೋಕಿಗೆ, ಕೀಚೈನಿಗೆ ತರಿಸಿದ್ದು' ಅಂದರೆ? 'ಗಲ್ಫಿನಿಂದ ಬರುವ ಭಾವನ ಬ್ಯಾಗಿನಲ್ಲಿ ಸಣ್ಣ ತುಂಡು, ಯಾರು ನೋಡ್ತಾರೆ' ಅಂದರೆ? ಏರ್‌ಪೋರ್ಟಿನ ಎಕ್ಸ್‌ರೇ ಯಂತ್ರ ಶೋಕಿಯನ್ನೂ ಸಂಚನ್ನೂ ಬೇರೆ ಬೇರೆ ಮಾಡುವುದಿಲ್ಲ. ಇನ್ನೊಬ್ಬರ ಹೆಸರಿನ ಬ್ಯಾಗಿನಲ್ಲಿ ಇಂಥದ್ದನ್ನು ತರಿಸುವವ ಅವರ ಕೆಲಸ, ವೀಸಾ, ಮನೆಯವರ ಊಟ ಎಲ್ಲವನ್ನೂ ಪಣಕ್ಕೆ ಇಡುತ್ತಾನೆ. ಅಮೆರಿಕದ ಅಂಗಡಿಗಳಿಗೂ ಬಂದೂಕಿನ ಬಿಡಿಭಾಗ ಹೊರದೇಶಕ್ಕೆ ಕಳಿಸುವಾಗ ಅವರ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಇದೆ. ಹಾಗಾಗಿ 'ಇಂಡಿಯಾಕ್ಕೆ ಡೆಲಿವರಿ ಇದೆ' ಅಂತ ಹೇಳುವ ಲಿಂಕು ಮೋಸದ್ದೋ ಕಳ್ಳದಾರಿಯದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು.

ನಮ್ಮ ಸಮುದಾಯಕ್ಕೆ ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದನ್ನು ಯಾರೂ ಹುಡುಗರಿಗೆ ಹೇಳುವುದಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಆರನೇ ಕಲಂ ಪ್ರಕಾರ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ಶಿಕ್ಷೆ ಆಗಬೇಕಂತ ಇಲ್ಲ, ಕೇಸು ಬಾಕಿ ಇದ್ದರೆ ಸಾಕು. ಕೋರ್ಟಿನ ಅನುಮತಿ ತಂದು ಪಡೆಯುವ ದಾರಿ ಇದೆ, ಆದರೆ ಅದು ಓಡಾಟದ ದಾರಿ. ಕೆಲವು ದೇಶಗಳ ಕೆಲಸದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಮನೆ ಮನೆಯಿಂದ ಒಬ್ಬರಾದರೂ ದುಬೈ, ದಮಾಮ್, ದೋಹಾಕ್ಕೆ ಹೋಗಿ ಸಂಸಾರ ನಡೆಸುವ ಊರಿನಲ್ಲಿ ಪಾಸ್‌ಪೋರ್ಟು ನಿಂತರೆ ಏನು ನಿಲ್ಲುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಬೆರಳಿನಷ್ಟು ಉದ್ದದ ಲೋಹದ ತುಂಡಿಗೆ ಇಷ್ಟು ಬೆಲೆ ಯಾವ ವ್ಯಾಪಾರಿಯೂ ಕೊಡಲಾರ.

ಗುರಿ ಹಿಡಿಯುವ ಆಸೆ ಇದ್ದರೆ

ಹಾಗಾದರೆ ಹುಡುಗರ ಆಸೆಗೆ ಮಣ್ಣು ಹಾಕಿ ಮುಚ್ಚಬೇಕಾ? ಬೇಡ. ಶೂಟಿಂಗ್ ನಮ್ಮ ದೇಶಕ್ಕೆ ಪದಕ ತಂದ ಕ್ರೀಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು. 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೇ ಸ್ಥಾನ. ಈ ಅಂತಾರಾಷ್ಟ್ರೀಯ 25 ಮೀಟರ್ ಸ್ಪರ್ಧೆಗಳಲ್ಲಿ ಕಾಂಪನ್ಸೇಟರಿಗೆ ಅವಕಾಶ ಇಲ್ಲ. ಮೂತಿಯ ತುಂಡಾಗಲೀ ನಳಿಗೆಯ ತೂತಾಗಲೀ ನಿಷಿದ್ಧ. ಅಲ್ಲಿ ಗೆಲ್ಲಿಸುವುದು ಹಿಡಿತ, ಉಸಿರು, ಸಹನೆ.

ಅದಕ್ಕೂ ಮೂರು ವರ್ಷ ಹಿಂದೆ ಟೋಕಿಯೋದಲ್ಲಿ ಇದೇ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ಮಧ್ಯೆ ಕೈಕೊಟ್ಟಿತ್ತು. ಅದರ ರಿಪೇರಿಯಲ್ಲಿ ಸಮಯ ಹೋಗಿ ಫೈನಲ್ ತಪ್ಪಿತು. ಸಲಕರಣೆ ಒಮ್ಮೆ ಕೈಕೊಡಬಹುದು, ಅಭ್ಯಾಸ ಕೈಬಿಡುವುದಿಲ್ಲ ಅನ್ನುವುದಕ್ಕೆ ಪ್ಯಾರಿಸ್ ಸಾಕ್ಷಿ. ಆಸಕ್ತಿ ಇರುವವರು ಜಿಲ್ಲಾ ರೈಫಲ್ ಅಸೋಸಿಯೇಷನ್ ಇದ್ದಲ್ಲಿ ಹೋಗಿ ವಿಚಾರಿಸಲಿ, 4.5 ಮಿಲಿಮೀಟರ್ ಏರ್ ಪಿಸ್ತೂಲಿನಿಂದ ಆರಂಭಿಸಲಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಅದೂ ಒಳ್ಳೆ ದಾರಿ. ಅಲ್ಲಿ ಕಲಿಸುವ ಮೊದಲ ಪಾಠ ಗುಂಡು ಹಾರಿಸುವುದಲ್ಲ, ಮೂತಿಯನ್ನು ಯಾರ ಕಡೆಗೂ ತಿರುಗಿಸದೆ ಇರುವುದು. ರೀಲ್ಸ್‌ನಲ್ಲಿ ಆ ಪಾಠ ಸಿಗುವುದಿಲ್ಲ.

ಹೆತ್ತವರಲ್ಲಿ ಒಂದು ಮಾತು. ಮಗ ಕಾಂಪನ್ಸೇಟರ್, ಸೈಲೆನ್ಸರ್ ಅಂತ ಮಾತಾಡಿದ ಕೂಡಲೇ ಹೆದರಿ ಫೋನು ಕಸಿಯಬೇಡಿ. ಆಟದ ಶಬ್ದ ಅದು, ಅದರಲ್ಲಿ ಅಪರಾಧ ಇಲ್ಲ. ಆದರೆ ಆಟದಿಂದ ಪಾರ್ಸೆಲಿಗೆ ಹೋಗುವ ದಾರಿ ಎಲ್ಲಿ ಶುರು ಆಗುತ್ತದೆ ಅಂತ ಅವನೊಟ್ಟಿಗೆ ಕೂತು ಮಾತಾಡಿ. ವಿದೇಶಿ ಸೈಟಿನಿಂದ ಏನು ತರಿಸ್ತಿ, ಗಲ್ಫಿನ ಬಂಧುಗಳಲ್ಲಿ ಏನು ತರಲು ಹೇಳ್ತಿ ಅಂತ ಕೇಳಿ. ಬ್ಯಾಗು ತರುವವರೂ ಅಷ್ಟೇ, ಒಳಗೆ ಏನಿದೆ ಅಂತ ಬಿಚ್ಚಿ ನೋಡದೆ ಯಾರ ಕಟ್ಟನ್ನೂ ಒಯ್ಯಬೇಡಿ, ಎಷ್ಟೇ ಹತ್ತಿರದವರಾಗಲಿ.

ಅಮೆರಿಕದ ಆ ವಿಡಿಯೋದವನಿಗೆ ನಮ್ಮ ಹುಡುಗ ಒಂದು ವ್ಯೂ ಮಾತ್ರ. ಅದರಲ್ಲಿ ತೋರಿಸುವ ಸಾಮಾನನ್ನು ಮಾರುವ ಕಂಪೆನಿಗೆ ಅವನು ಗಿರಾಕಿಯೂ ಅಲ್ಲ. ಕೇಸು ಬಿದ್ದ ದಿನ ಅವರ್ಯಾರೂ ಜಾಮೀನಿಗೆ ಬರುವುದಿಲ್ಲ. ಠಾಣೆಯ ಹೊರಗೆ ಬೆಂಚಿನಲ್ಲಿ ಕೂರಬೇಕಾದವರು ಅವನ ಬಾಪ, ಅವನ ಕಾಕ, ಜಮಾಅತಿನ ನಾಲ್ಕು ಜನ. ಲೈಕ್ ಒತ್ತುವುದಕ್ಕೆ ಖರ್ಚಿಲ್ಲ, ಆರ್ಡರ್ ಒತ್ತುವ ಮೊದಲು ಈ ಲೆಕ್ಕ ಒಮ್ಮೆ ಹಾಕಿ ನೋಡಿ.